ಗಾಯ ಮಾಡಿದ್ದು ಯಾವ ಜೀವಿ?
ಹೈದರಾಬಾದ್ ಸೀಮೆಯ ಕುಷ್ಠರೋಗ ಚಿಕಿತ್ಸೆ, ಚರ್ಮದ ಆರೈಕೆ ಮತ್ತು ಒಂದು ತಪ್ಪು ಲೆಕ್ಕ

1898ರಲ್ಲಿ ಬ್ರಿಟಿಷ್ ಇಂಡಿಯಾದ ಸರ್ಕಾರ ಕುಷ್ಠರೋಗಿಗಳ ಕಾಯಿದೆ ಎಂಬುದೊಂದನ್ನು ಜಾರಿಗೆ ತಂದಿತು. ಯಾವ ಕಾಯಿದೆಗಾದರೂ ಮೊದಲು ಬೇಕಾದದ್ದು ವ್ಯಾಖ್ಯೆ. ಯಾರನ್ನು ಕುಷ್ಠರೋಗಿ ಎನ್ನಬೇಕು? ಯಾವ ಬಗೆಯ ಕುಷ್ಠವಾದರೂ ಸರಿ, ಮೈಯಲ್ಲಿ ಹುಣ್ಣಾಗಲು ಶುರುವಾಗಿದ್ದರೆ ಅವರು ಕಾಯಿದೆಯ ಲೆಕ್ಕದಲ್ಲಿ ಕುಷ್ಠರೋಗಿಗಳು. ಅಂಥವರು ಭಿಕ್ಷೆ ಬೇಡುತ್ತಿದ್ದರೆ ಪೊಲೀಸರು ವಾರಂಟ್ ಇಲ್ಲದೆ ಹಿಡಿಯಬಹುದಿತ್ತು, ಆಶ್ರಮಕ್ಕೆ ಕಳಿಸಬಹುದಿತ್ತು. ಸರ್ಕಾರ ಗೊತ್ತುಪಡಿಸಿದ ಊರುಗಳಲ್ಲಿ ಅವರು ಮಾರಾಟಕ್ಕೆಂದು ಅಡುಗೆ ಮಾಡುವಂತಿರಲಿಲ್ಲ, ಸಾರ್ವಜನಿಕ ಬಾವಿಯ ನೀರು ಸೇದುವಂತಿರಲಿಲ್ಲ, ಬಾಡಿಗೆ ಗಾಡಿ ಹತ್ತುವಂತಿರಲಿಲ್ಲ.

ಈ ವ್ಯಾಖ್ಯೆಯಲ್ಲಿ ಒಂದು ದೊಡ್ಡ ತಪ್ಪಿತ್ತು. ಕುಷ್ಠರೋಗಿಯ ಕಾಲಿನ ಹುಣ್ಣನ್ನು ಸಾಮಾನ್ಯವಾಗಿ ಕುಷ್ಠದ ರೋಗಾಣು ಮಾಡುವುದಿಲ್ಲ. ಎಲ್ಲರ ಚರ್ಮದ ಮೇಲೂ, ಮೂಗಿನಲ್ಲೂ, ಅಂಗಳದ ಮಣ್ಣಿನಲ್ಲೂ ಇರುವ ಮಾಮೂಲಿ ಬ್ಯಾಕ್ಟೀರಿಯಾಗಳು ಸ್ಪರ್ಶ ಕಳೆದುಕೊಂಡ, ಬಿರುಕು ಬಿಟ್ಟ ಚರ್ಮದೊಳಗೆ ಹೊಕ್ಕು ಅದನ್ನು ಮಾಡುತ್ತವೆ. ಎಷ್ಟೋ ವೇಳೆ ಹುಣ್ಣಿನ ಹಂತ ತಲುಪುವ ಹೊತ್ತಿಗೆ ರೋಗಿಯ ಮೈಯಲ್ಲಿ ಕುಷ್ಠದ ರೋಗಾಣು ಕಾಣಸಿಗುವುದೇ ಇಲ್ಲ. ಇನ್ನೊಂದು ಕಡೆ, ಉಸಿರಿನ ದಾರಿಯಿಂದ ರೋಗಾಣುವನ್ನು ಹೊರಹಾಕುತ್ತಿರುವ ರೋಗಿಯ ಚರ್ಮ ಹುಣ್ಣಿಲ್ಲದೆ ನುಣುಪಾಗಿ ಇರಬಹುದು. ಹಾಗಾಗಿ ಕಾಯಿದೆ ಹಿಡಿಯಹೊರಟದ್ದು ಬಹುಮಟ್ಟಿಗೆ ಸೋಂಕು ಹರಡದವರನ್ನು, ಬಿಟ್ಟದ್ದು ಹರಡಬಲ್ಲವರನ್ನು.

ಯಾವ ಜೀವಿ ಹಾನಿಕರ, ಯಾವುದು ನಿರುಪದ್ರವಿ ಎಂಬ ಈ ಲೆಕ್ಕವನ್ನು ಸರಿಪಡಿಸಲು ಸುಮಾರು ನೂರು ವರ್ಷ ಹಿಡಿಯಿತು. ಅದರ ಒಂದು ಮುಖ್ಯ ಎಳೆ ಹೈದರಾಬಾದಿನ ಸುತ್ತಮುತ್ತ ಹಾದುಹೋಗುತ್ತದೆ.

ಬರ್ಗೆನ್‌ನಲ್ಲಿ ಕಂಡ ಕಡ್ಡಿಗಳು

ಕುಷ್ಠದ ರೋಗಾಣು ಮೊದಲು ಕಣ್ಣಿಗೆ ಬಿದ್ದದ್ದು ನಾರ್ವೆಯಲ್ಲಿ. 1873ರಲ್ಲಿ ಬರ್ಗೆನ್ ಊರಿನ ವೈದ್ಯ ಗೆರ್ಹಾರ್ಡ್ ಅರ್ಮೋವರ್ ಹನ್ಸೆನ್ ರೋಗಿಗಳ ಚರ್ಮದ ಗಂಟುಗಳಿಂದ ತೆಗೆದ ಅಂಗಾಂಶದಲ್ಲಿ ಸಣ್ಣ ಕಡ್ಡಿಗಳಂಥ ಜೀವಿಗಳನ್ನು ಗುರುತಿಸಿದರು. ಮನುಷ್ಯರ ದೀರ್ಘಕಾಲದ ಕಾಯಿಲೆಯೊಂದಕ್ಕೆ ಬ್ಯಾಕ್ಟೀರಿಯಾ ಕಾರಣ ಎಂದು ಹೇಳಿದ ಮೊದಲಿಗರಲ್ಲಿ ಅವರೂ ಒಬ್ಬರು. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ ತೋರಿಸಿಕೊಟ್ಟದ್ದು ಇದಾದ 9 ವರ್ಷಗಳ ಮೇಲೆ, 1882ರಲ್ಲಿ.

ಆದರೆ ಹನ್ಸೆನ್ ತಮ್ಮ ಮಾತನ್ನು ಸಾಧಿಸಿ ತೋರಿಸಲಾಗಲಿಲ್ಲ. ಆ ಜೀವಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಲು ಆಗಲಿಲ್ಲ, ಪ್ರಾಣಿಗಳಿಗೆ ಹತ್ತಿಸಲೂ ಆಗಲಿಲ್ಲ. ಕೊನೆಗೆ ಒಬ್ಬ ಮಹಿಳಾ ರೋಗಿಯ ಕಣ್ಣಿಗೆ, ಆಕೆಯ ಒಪ್ಪಿಗೆ ಪಡೆಯದೆ, ಇನ್ನೊಬ್ಬ ರೋಗಿಯ ಗಂಟಿನ ದ್ರವವನ್ನು ಚುಚ್ಚಿದರು. 1880ರಲ್ಲಿ ನ್ಯಾಯಾಲಯ ಅವರನ್ನು ತಪ್ಪಿತಸ್ಥರೆಂದಿತು, ಆಸ್ಪತ್ರೆಯ ಹುದ್ದೆ ಹೋಯಿತು. ಆ ಜೀವಿ, ಮೈಕೋಬ್ಯಾಕ್ಟೀರಿಯಂ ಲೆಪ್ರೇ, ಇಂದಿಗೂ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಅದಕ್ಕೆ ಬೇಕಾದದ್ದು ಜೀವಂತ ಮೈ, ಅದರಲ್ಲೂ ತಂಪಾದ ಜಾಗ: ಚರ್ಮ, ಮೂಗು, ಚರ್ಮದ ಸಮೀಪ ಹಾಯುವ ನರ. ಒಂದು ಎರಡಾಗಲು ಅದಕ್ಕೆ 12–14 ದಿನ ಬೇಕು. ಹಾಲನ್ನು ಮೊಸರಾಗಿಸುವ ಬ್ಯಾಕ್ಟೀರಿಯಾಗಳಿಗೆ ಅದೇ ಕೆಲಸಕ್ಕೆ ಕೆಲವು ಗಂಟೆಗಳೂ ಬೇಡ.

ಈ ನಿಧಾನವೇ ಅದರ ಸ್ವಭಾವವನ್ನೆಲ್ಲ ಹೇಳುತ್ತದೆ. ಸೋಂಕು ತಗಲಿ ಮಚ್ಚೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಕೆಲವು ವರ್ಷಗಳು ಬೇಕು, ಒಮ್ಮೊಮ್ಮೆ 20 ವರ್ಷವೂ ಆದೀತು. ಅದು ಯಾವ ವಿಷವನ್ನೂ ಉಗುಳುವುದಿಲ್ಲ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರ ಮೈ ಅದನ್ನು ತಾನಾಗಿಯೇ ಅಡಗಿಸಿಬಿಡುತ್ತದೆ. ರೋಗ ತಗಲಿದವರಲ್ಲೂ ಅದರ ನಿಜವಾದ ಕೇಡು ನರಗಳಿಗೆ. ನರವನ್ನು ಸುತ್ತಿಕೊಂಡ ಜೀವಕೋಶಗಳಲ್ಲಿ ಅದು ಸೇರಿಕೊಳ್ಳುತ್ತದೆ, ಅದನ್ನು ಹೊರಗಟ್ಟಲು ಹೊರಟ ದೇಹದ ರಕ್ಷಣಾ ವ್ಯವಸ್ಥೆ ನರವನ್ನೂ ಹಾಳುಗೆಡವುತ್ತದೆ. ಅಲ್ಲಿಂದ ಮುಂದೆ ಆ ಜಾಗಕ್ಕೆ ಬಿಸಿ ತಿಳಿಯದು, ಮುಳ್ಳು ತಿಳಿಯದು.

1890–91ರಲ್ಲಿ ಇಂಡಿಯಾವನ್ನು ಸುತ್ತಿದ ಕುಷ್ಠರೋಗ ಆಯೋಗ ಈ ರೋಗ ಹರಡುವುದು ಬಹಳ ಕಡಿಮೆ, ರೋಗಿಗಳನ್ನು ಕೂಡಿಹಾಕುವುದರಿಂದ ಅದು ತೊಲಗುವುದಿಲ್ಲ ಎಂಬ ಅಭಿಪ್ರಾಯಕ್ಕೆ ಬಂದಿತ್ತು. ಆದರೂ 1898ರ ಕಾಯಿದೆ ಬಂತು. ಬೀದಿಯಲ್ಲಿ ಹುಣ್ಣು ಕಂಡರೆ ಹುಟ್ಟುವ ಹೇಸಿಗೆಯ ಮುಂದೆ ಆಯೋಗದ ವರದಿಗೆ ಬೆಲೆ ಸಿಗಲಿಲ್ಲ.

ತೊನ್ನು ಮತ್ತು ಕುಷ್ಠ

ಕಾಯಿದೆ ಬರೆದವರಷ್ಟೇ ಈ ಲೆಕ್ಕ ತಪ್ಪಿದವರಲ್ಲ. ಕನ್ನಡದ ತೊನ್ನು ಎಂಬ ಪದವನ್ನೇ ನೋಡಬಹುದು. ಹಳೆಯ ಬಳಕೆಯಲ್ಲಿ ಅದು ಕುಷ್ಠವನ್ನೂ ಸೂಚಿಸುತ್ತಿತ್ತು. ಇಂದು ಹೆಚ್ಚಾಗಿ ಬಿಳಿಮಚ್ಚೆಗೆ ಬಳಕೆಯಾಗುತ್ತದೆ. ಬಿಳಿಮಚ್ಚೆಯಲ್ಲಿ ಯಾವ ರೋಗಾಣುವೂ ಇಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ನಾಶವಾಗುತ್ತವೆ ಅಷ್ಟೆ. ಅದು ಅಂಟುವುದಿಲ್ಲ, ಸ್ಪರ್ಶವೂ ಹೋಗುವುದಿಲ್ಲ. ಆದರೂ ಒಂದೇ ಹೆಸರಿನಡಿ ಬಂದ ಕಾರಣ ಎಷ್ಟೋ ಮನೆಗಳಲ್ಲಿ ಬಿಳಿಮಚ್ಚೆ ಇದ್ದವರ ಮದುವೆ ಮುರಿಯಿತು, ತಟ್ಟೆ ಲೋಟ ಬೇರೆಯಾಯಿತು. ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಬಲು ಸರಳ. ಕಣ್ಣು ಮುಚ್ಚಿಸಿ, ಮಚ್ಚೆಯ ಮೇಲೆ ಹತ್ತಿಯ ಎಳೆ ಅಥವಾ ಪೆನ್ನಿನ ತುದಿ ತಾಗಿಸಿ, ಎಲ್ಲಿ ತಾಗಿತು ತೋರಿಸಿ ಎಂದು ಕೇಳುವುದು. ಬಿಳಿಮಚ್ಚೆಯವರು ತೋರಿಸುತ್ತಾರೆ. ಕುಷ್ಠದ ಮಚ್ಚೆಯಾದರೆ ಹೆಚ್ಚಿನ ವೇಳೆ ತಾಗಿದ್ದೇ ತಿಳಿದಿರುವುದಿಲ್ಲ.

ಡಿಚ್‌ಪಲ್ಲಿ

ಬ್ರಿಟಿಷರ ಕಾಯಿದೆ ಬರೆಯಲಾಗಿದ್ದು ಬ್ರಿಟಿಷ್ ಇಂಡಿಯಾಕ್ಕೆ. ನಿಜಾಮರ ಹೈದರಾಬಾದ್ ಸಂಸ್ಥಾನ ಅದರ ಹೊರಗಿನ ರಾಜ್ಯ. ತೆಲುಗು ಮತ್ತು ಮರಾಠಿ ಜಿಲ್ಲೆಗಳ ಜೊತೆಗೆ ಕನ್ನಡದ ಬೀದರ್, ಕಲಬುರಗಿ, ರಾಯಚೂರು ಸೀಮೆಗಳೂ 1956ರವರೆಗೆ ಅದರ ಭಾಗವಾಗಿದ್ದವು. ಈ ಸಂಸ್ಥಾನಕ್ಕೆ 1907ರಲ್ಲಿ ಸ್ಕಾಟ್ಲೆಂಡಿನ ಇಸಬೆಲ್ ಕೆರ್ ಬಂದರು. ಆಬರ್ಡೀನ್ ವಿಶ್ವವಿದ್ಯಾಲಯದಲ್ಲಿ 1903ರಲ್ಲಿ ವೈದ್ಯಕೀಯ ಮುಗಿಸಿದವರು. ಪತಿ ಜಾರ್ಜ್ ಕೆರ್ ವೆಸ್ಲಿಯನ್ ಮಿಷನ್ನಿನ ಪಾದ್ರಿ.

ನಿಜಾಮಾಬಾದಿನಲ್ಲಿ ನೆಲೆಸಿದ ದಂಪತಿಯ ಬಳಿಗೆ ಬರುವವರಲ್ಲಿ ಕುಷ್ಠರೋಗಿಗಳು ಹೆಚ್ಚತೊಡಗಿದರು. 1911ರ ಹೊತ್ತಿಗೆ ಅವರಿಗಾಗಿ ಒಂದು ಸಣ್ಣ ಮನೆ ಶುರುವಾಯಿತು, ಬೇಗನೆ ಅಲ್ಲಿ ಜಾಗ ಸಾಲದಾಯಿತು. ರಾಜಾ ನರಸಾ ಗೌಡ್ ಎಂಬ ಸ್ಥಳೀಯ ಹಿಂದೂ ದಾನಿ ಕೈನೀಡಿದರು. 1915ರಲ್ಲಿ ನಿಜಾಮಾಬಾದಿನಿಂದ ಹೈದರಾಬಾದಿನತ್ತ ಬರುವ ರೈಲುಮಾರ್ಗದ ಡಿಚ್‌ಪಲ್ಲಿಯಲ್ಲಿ ವಿಕ್ಟೋರಿಯಾ ಆಸ್ಪತ್ರೆ ಎದ್ದಿತು.

ಈ ಸಂಸ್ಥೆ ತನ್ನನ್ನು ಚಿಕಿತ್ಸೆಯ ಆಸ್ಪತ್ರೆ ಎಂದು ಕರೆದುಕೊಂಡಿತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಆಗ ಇಂಡಿಯಾದಲ್ಲಿ ಕುಷ್ಠರೋಗಿಗಳಿಗೆಂದು ಇದ್ದ ಜಾಗಗಳು ಹೆಚ್ಚಾಗಿ ಆಶ್ರಮಗಳು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1890ರಲ್ಲಿ ತೆರೆದ ಸಂತ ಜೋಸೆಫರ ಕುಷ್ಠಧಾಮದಂಥ ಕೆಲವು ಕಡೆ ಔಷಧವೂ ಸಿಗುತ್ತಿತ್ತು. ಆದರೆ ಸಮಾಜ ಆಶ್ರಮದಿಂದ ಬಯಸುತ್ತಿದ್ದದ್ದು ರೋಗಿಯನ್ನು ಕಣ್ಮರೆ ಮಾಡುವುದನ್ನು. ಆಸ್ಪತ್ರೆ ಎಂದರೆ ಬಂದವರು ಒಂದು ದಿನ ಮನೆಗೆ ಮರಳುತ್ತಾರೆ ಎಂದರ್ಥ.

ಘಟ್ಟದ ಮರದ ಎಣ್ಣೆ

ಡಿಚ್‌ಪಲ್ಲಿಯ ಆಸೆಯೆಲ್ಲ ನಿಂತಿದ್ದದ್ದು ಒಂದು ಎಣ್ಣೆಯ ಮೇಲೆ. ಪಶ್ಚಿಮ ಘಟ್ಟದ ಹೊಳೆಯ ಬದಿಗಳಲ್ಲಿ ಬೆಳೆಯುವ ಗರುಡಫಲದ ಮರ ಕನ್ನಡಿಗರಿಗೆ ಹೊಸದಲ್ಲ. ಕೆಲವೆಡೆ ಅದನ್ನು ಸುರಂಟಿ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದು ಹಿಡ್ನೊಕಾರ್ಪಸ್ ಕುಲದ್ದು. ಗಟ್ಟಿ ಸಿಪ್ಪೆಯ ಕಾಯಿಯೊಳಗಿನ ಬೀಜಗಳಿಂದ ಎಣ್ಣೆ ಬರುತ್ತದೆ. ಸುಶ್ರುತಸಂಹಿತೆಯಲ್ಲಿ ಕುಷ್ಠಕ್ಕೆ ಹೇಳಿರುವ ತುವರಕ ಇದೇ ಎಂದು ಪಂಡಿತರು ಗುರುತಿಸುತ್ತಾರೆ. ಬಂಗಾಳ, ಬರ್ಮಾ ಕಡೆಯ ಅದರ ಬಂಧುಗಳಿಂದ ಬಂದ ಎಣ್ಣೆ ಚಾಲ್ಮೊಗ್ರ ಎಂಬ ಹೆಸರಿನಲ್ಲಿ 19ನೇ ಶತಮಾನದಲ್ಲೇ ಯುರೋಪಿನ ಔಷಧ ಅಂಗಡಿಗಳನ್ನು ಸೇರಿತ್ತು.

ಕುಡಿದರೆ ಹೊಟ್ಟೆ ತೊಳಸಿ ವಾಂತಿಯಾಗುವ ಎಣ್ಣೆ ಅದು. ಚುಚ್ಚಿದರೆ ಒಳಗೆ ಹರಡದೆ ಗಂಟುಗಟ್ಟುತ್ತಿತ್ತು. ಈ ತೊಡಕು ಬಿಡಿಸಲು ಹಲವರು ದುಡಿದರು. ಹವಾಯಿಯಲ್ಲಿ ಆಲಿಸ್ ಬಾಲ್ ಎಂಬ ಕಪ್ಪು ವರ್ಣೀಯ ಯುವತಿ 1915ರ ಸುಮಾರಿಗೆ ಎಣ್ಣೆಯ ಆಮ್ಲಗಳನ್ನು ಚುಚ್ಚಲು ಬರುವ ರೂಪಕ್ಕೆ ತಂದರು. ಮರುವರ್ಷ, 24ನೇ ವಯಸ್ಸಿಗೇ ತೀರಿಕೊಂಡರು. ಕಲ್ಕತ್ತದಲ್ಲಿ ಲಿಯೊನಾರ್ಡ್ ರಾಜರ್ಸ್ ಮತ್ತು ಅರ್ನೆಸ್ಟ್ ಮ್ಯೂರ್ ಇದೇ ದಾರಿಯಲ್ಲಿ ಹಲವು ಬಗೆ ಪ್ರಯತ್ನಿಸಿದರು. ಡಿಚ್‌ಪಲ್ಲಿಯಲ್ಲಿ ಈ ಚುಚ್ಚುಮದ್ದುಗಳೇ ದಿನನಿತ್ಯದ ಚಿಕಿತ್ಸೆಯಾದವು. ಅವು ನೋಯುತ್ತಿದ್ದವು, ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಂದುವರಿಯುತ್ತಿದ್ದವು. ಆದರೂ ಜನ ಬಂದರು.

ಎಣ್ಣೆ ಕೆಲಸ ಮಾಡಿತೇ? ಕೆಲವರ ಮಚ್ಚೆಗಳು ಮಾಸಿದವು, ಕೆಲವರ ಗಂಟುಗಳು ಇಳಿದವು, ಅನೇಕರಿಗೆ ರೋಗ ಮರುಕಳಿಸಿತು. ಕುಷ್ಠದ ಕೆಲವು ಬಗೆಗಳು ಮದ್ದಿಲ್ಲದೆಯೂ ತಾವಾಗಿ ವಾಸಿಯಾಗುತ್ತವೆ, ಹಾಗಾಗಿ ಯಾವ ಗುಣ ಎಣ್ಣೆಯದು, ಯಾವುದು ಮೈಯದು ಎಂದು ಬೇರ್ಪಡಿಸುವುದು ಆಗ ಕಷ್ಟವಿತ್ತು. ಕೊನೆಗೆ ಉಳಿದ ತೀರ್ಪು, ಅದು ರೋಗವನ್ನು ಬೇರುಸಹಿತ ತೆಗೆಯುವ ಮದ್ದಲ್ಲ ಎಂಬುದು. ಆದರೆ ಎಣ್ಣೆಯ ಹೆಸರಿನಲ್ಲಿ ಇನ್ನೊಂದು ಕೆಲಸವಾಗಿತ್ತು. ಮದ್ದಿದೆ ಎಂದು ಗೊತ್ತಾದ ಕೂಡಲೇ ಮಚ್ಚೆಯನ್ನು ಮುಚ್ಚಿಕೊಂಡಿದ್ದವರು ಹುಣ್ಣಾಗುವ ಮೊದಲೇ ಆಸ್ಪತ್ರೆಯ ಬಾಗಿಲಿಗೆ ಬರುವ ಸಾಧ್ಯತೆ ತೆರೆಯಿತು. ಪೊಲೀಸರ ಕೈಗೆ ಸಿಗುವ ರೋಗಿಗೂ ತಾನಾಗಿ ಬರುವ ರೋಗಿಗೂ ಇರುವ ಅಂತರ ಅದು.

ಕೆರ್ ದಂಪತಿಗೆ 1923ರಲ್ಲಿ ಕೈಸರ್-ಇ-ಹಿಂದ್ ಪದಕ ಸಿಕ್ಕಿತು. ಇಸಬೆಲ್ 1932ರಲ್ಲಿ ತೀರಿಕೊಂಡರು. 1920ರ ದಶಕದಲ್ಲಿ ಡಿಚ್‌ಪಲ್ಲಿಗೆ ಬಂದಿದ್ದ ವೈದ್ಯ ಜಾನ್ ಲೋ ಮುಂದೆ ಕಲ್ಕತ್ತಕ್ಕೆ, ಅಲ್ಲಿಂದ ನೈಜೀರಿಯಾಕ್ಕೆ ಹೋದರು.

ಮಾತ್ರೆ ಬಂತು, ಹುಣ್ಣು ಹೋಗಲಿಲ್ಲ

ರೋಗಾಣುವನ್ನು ನಿಜವಾಗಿ ಮಣಿಸಿದ ಮದ್ದು ಬಂದದ್ದು 1940ರ ದಶಕದಲ್ಲಿ. ಅಮೆರಿಕದ ಕಾರ್ವಿಲ್‌ನಲ್ಲಿ ಗೈ ಫಾಜೆಟ್ 1941ರಲ್ಲಿ ಸಲ್ಫೋನ್ ಗುಂಪಿನ ಪ್ರೋಮಿನ್ ಬಳಸಿದರು. ಮದ್ರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ ರಾಬರ್ಟ್ ಕಾಕ್ರನ್ ಅದೇ ಗುಂಪಿನ ಡ್ಯಾಪ್ಸೋನನ್ನು ಚುಚ್ಚುಮದ್ದಾಗಿ ಕೊಟ್ಟರು. ಅದನ್ನು ಅಗ್ಗದ ಮಾತ್ರೆಯಾಗಿ ಬಾಯಿಗೆ ಕೊಡಬಹುದು ಎಂದು ಗಟ್ಟಿಮಾಡಿಕೊಟ್ಟವರಲ್ಲಿ ಮುಖ್ಯರು ಡಿಚ್‌ಪಲ್ಲಿಯಲ್ಲಿ ದುಡಿದಿದ್ದ ಅದೇ ಜಾನ್ ಲೋ, ನೈಜೀರಿಯಾದ ಉಜುವಾಕೊಲಿಯಲ್ಲಿ.

1960ರ ದಶಕದಲ್ಲಿ ಡ್ಯಾಪ್ಸೋನಿಗೆ ಬಗ್ಗದ ರೋಗಾಣುಗಳು ಕಾಣಿಸಿಕೊಂಡವು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ತಂಡ ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೋಫಜಿಮಿನ್ ಸೇರಿಸಿದ ಬಹುಔಷಧ ಚಿಕಿತ್ಸೆಯನ್ನು ಹೇಳಿತು. ರೋಗದ ಬಗೆ ನೋಡಿ 6 ಅಥವಾ 12 ತಿಂಗಳು. ಮೊದಲ ಕೆಲವು ಗುಳಿಗೆಗಳ ನಂತರವೇ ರೋಗಿಯಿಂದ ಸೋಂಕು ಹರಡುವುದು ಬಹುಪಾಲು ನಿಲ್ಲುತ್ತದೆ. 1983ರಲ್ಲಿ ಭಾರತ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನ ಕಾರ್ಯಕ್ರಮ ಶುರುಮಾಡಿದಾಗ 10,000 ಜನರಿಗೆ ಸುಮಾರು 57 ರೋಗಿಗಳಿದ್ದರು. 2005ರ ಕೊನೆಗೆ ಅದು 1ಕ್ಕಿಂತ ಕೆಳಗಿಳಿಯಿತು.

ಇಷ್ಟಾದರೂ ಹುಣ್ಣುಗಳು ಹೋಗಲಿಲ್ಲ. ರೋಗಾಣು ಸತ್ತಿದೆ, ಕಾರ್ಡಿನ ಮೇಲೆ ಗುಣವಾಗಿದೆ ಎಂಬ ಮುದ್ರೆ ಬಿದ್ದಿದೆ, ಆದರೆ ಪಾದದ ಅಡಿಯಲ್ಲಿ ರಂಧ್ರ ಇದ್ದೇ ಇದೆ. ಕಾರಣವನ್ನು ಬಿಡಿಸಿ ಹೇಳಿದವರಲ್ಲಿ ಮುಖ್ಯರು 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್. ಕುಷ್ಠರೋಗಿಗಳ ಬೆರಳು ಉದುರುತ್ತದೆ ಎಂಬುದು ಎಲ್ಲರೂ ನಂಬಿದ್ದ ಮಾತು. ಬ್ರಾಂಡ್ ನೋಡಿದ್ದು ಬೇರೆ. ನೋವಿಲ್ಲದ ಕೈ ಕಾದ ಪಾತ್ರೆಯನ್ನು ಬಿಡದೆ ಹಿಡಿಯುತ್ತದೆ. ಬೀಗದ ಕೈ ತಿರುಗದಿದ್ದರೆ ಬೆರಳಿನ ಚರ್ಮ ಹರಿಯುವವರೆಗೂ ತಿರುವುತ್ತದೆ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬೆರಳಿನ ಚೂರು ಇಲ್ಲವಾಗುತ್ತಿದ್ದುದಕ್ಕೆ ಕಾರಣ ಹುಡುಕಿದಾಗ ಸಿಕ್ಕಿದ್ದು ಇಲಿ. ಮಲಗಿದವರಿಗೆ ಅದು ಕಚ್ಚಿದ್ದೇ ತಿಳಿದಿರಲಿಲ್ಲ. ಆಮೇಲೆ ರೋಗಿಗಳಿಗೆ ಬೆಕ್ಕುಗಳನ್ನು ಸಾಕಲು ಕೊಡಲಾಯಿತು.

ಮನೆಯೊಳಗಿನ ಬಾಡಿಗೆದಾರರು

ಹಾಗಾದರೆ ಗಾಯವಾದ ಮೇಲೆ ಬೆರಳನ್ನು ಮೊಟಕಾಗಿಸಿದ್ದು ಯಾರು? ಇಲ್ಲಿ ಬರುತ್ತಾರೆ ಚರ್ಮದ ಮಾಮೂಲಿ ನಿವಾಸಿಗಳು.

ಮನುಷ್ಯನ ಚರ್ಮ ಎಂದೂ ಖಾಲಿ ಇರುವುದಿಲ್ಲ. ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್ ಎಂಬ ಗೋಲಿಯಾಕಾರದ ಜೀವಿ ಹುಟ್ಟಿದಂದಿನಿಂದ ಸಾಯುವವರೆಗೆ ಮೈಮೇಲಿರುತ್ತದೆ. ಜಾಗವನ್ನು ತಾನೇ ತುಂಬಿಕೊಂಡು, ಕೆಲವು ಬಾರಿ ತನ್ನದೇ ರಾಸಾಯನಿಕಗಳನ್ನು ಬಿಟ್ಟು, ಕೇಡಿಗರು ನೆಲೆಯೂರದಂತೆ ತಡೆಯುತ್ತದೆ. ಎಣ್ಣೆಗ್ರಂಥಿಗಳಲ್ಲಿ ವಾಸಿಸುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್, ಮೊಡವೆಗೆ ಹೆಸರಾದದ್ದು, ಚರ್ಮದ ಜಿಡ್ಡನ್ನು ಒಡೆದು ಆಮ್ಲಗಳನ್ನಾಗಿಸುತ್ತದೆ. ಚರ್ಮದ ಮೇಲ್ಮೈ ಸ್ವಲ್ಪ ಹುಳಿಯಾಗಿ ಉಳಿಯುವುದರಲ್ಲಿ ಅದರ ಪಾಲೂ ಇದೆ, ಆ ಹುಳಿ ಬೇರೆ ಎಷ್ಟೋ ರೋಗಾಣುಗಳಿಗೆ ಒಗ್ಗುವುದಿಲ್ಲ. ಸ್ಟ್ಯಾಫಿಲೋಕಾಕಸ್ ಆರಿಯಸ್ ಹಲವರ ಮೂಗಿನಲ್ಲಿ ಏನೂ ಮಾಡದೆ ಕುಳಿತಿರುತ್ತದೆ. ಅದೇ ಜೀವಿ ಒಡೆದ ಚರ್ಮದ ಒಳಗೆ ಹೋದರೆ ಕೀವು, ಕುರು, ಮೂಳೆಯ ಸೋಂಕು. ನಿರುಪದ್ರವಿ ಎನಿಸಿದ ಎಪಿಡರ್ಮಿಡಿಸ್ ಕೂಡ ಆಸ್ಪತ್ರೆಯ ನಳಿಕೆಯ ಮೂಲಕ ರಕ್ತಕ್ಕೆ ಸೇರಿದರೆ, ಕೃತಕ ಕೀಲಿನ ಮೇಲೆ ಕುಳಿತರೆ ತೊಂದರೆ ಕೊಡುತ್ತದೆ.

ಅಂದರೆ ಹಾನಿಕರ, ನಿರುಪದ್ರವಿ ಎಂಬುದು ಜೀವಿಯ ಹಣೆಯಲ್ಲಿ ಬರೆದಿರುವುದಲ್ಲ. ಅದು ಎಲ್ಲಿದೆ, ನಡುವಿನ ಗೋಡೆ ಗಟ್ಟಿಯಿದೆಯೇ ಎಂಬುದರ ಮೇಲೆ ನಿಂತಿದೆ. ಕುಷ್ಠ ಈ ಗೋಡೆಯನ್ನೇ ಕೆಡವುತ್ತದೆ. ನರ ಸತ್ತಾಗ ಸ್ಪರ್ಶ ಮಾತ್ರ ಹೋಗುವುದಿಲ್ಲ, ಬೆವರೂ ನಿಲ್ಲುತ್ತದೆ. ಚರ್ಮ ಒಣಗುತ್ತದೆ, ಹಿಮ್ಮಡಿ ಒಡೆಯುತ್ತದೆ, ಒತ್ತಡ ಬೀಳುವ ಕಡೆ ಜಡ್ಡುಗಟ್ಟುತ್ತದೆ. ಜಡ್ಡಿನ ಅಡಿಯ ಮೆದು ಭಾಗ ನಡೆದಂತೆಲ್ಲ ಜಜ್ಜಿಹೋಗುತ್ತದೆ. ನೋವಿದ್ದವರು ಕುಂಟುತ್ತಾರೆ, ಕುಂಟುವುದೇ ಪಾದಕ್ಕೆ ಸಿಗುವ ವಿಶ್ರಾಂತಿ. ನೋವಿಲ್ಲದವರು ನಡೆಯುತ್ತಲೇ ಇರುತ್ತಾರೆ. ಬಿರುಕಿನಿಂದ ಬ್ಯಾಕ್ಟೀರಿಯಾಗಳು ಇಳಿಯುತ್ತವೆ, ಸೋಂಕು ಮೂಳೆಯನ್ನು ಮುಟ್ಟುತ್ತದೆ, ಮೂಳೆ ಕರಗಿ ಬೆರಳು ಗಿಡ್ಡವಾಗುತ್ತದೆ. 1898ರ ಕಾಯಿದೆ ಕುಷ್ಠವೆಂದು ಹೆಸರಿಸಿದ್ದು ಈ ಕೊನೆಯ ದೃಶ್ಯವನ್ನು.

ಕೂಕಟ್‌ಪಲ್ಲಿಯ ಬೋಗುಣಿ

ಕಾರಣ ಇದಾದರೆ ಮದ್ದು ಔಷಧದಂಗಡಿಯಲ್ಲಷ್ಟೇ ಇಲ್ಲ. ಹೈದರಾಬಾದ್ ನಗರದಲ್ಲಿ ಇದಕ್ಕೆ ನೆಲೆಯಾದ ಜಾಗಗಳಲ್ಲಿ ಒಂದು ಶಿವಾನಂದ ಪುನರ್ವಸತಿ ಗೃಹ. 1958ರಲ್ಲಿ ಅದನ್ನು ಕಟ್ಟಿದವರು ರಾಣಿ ಕುಮುದಿನಿ ದೇವಿ. ನಿಜಾಮರ ಸರ್ಕಾರದಲ್ಲಿ ಉನ್ನತ ಹುದ್ದೆಯಲ್ಲಿದ್ದ ಪಿಂಗಳಿ ವೆಂಕಟರಾಮ ರೆಡ್ಡಿ ಅವರ ಮಗಳು, ವನಪರ್ತಿ ಸಂಸ್ಥಾನದ ಸೊಸೆ, ಹೃಷಿಕೇಶದ ಸ್ವಾಮಿ ಶಿವಾನಂದರ ಅನುಯಾಯಿ. 1962ರಲ್ಲಿ ಹೈದರಾಬಾದಿನ ಮೇಯರ್ ಆದರು. ಗೃಹಕ್ಕೆ ಸಿಕ್ಕಿದ್ದು ಆಗ ಊರ ಹೊರಗಿದ್ದ ಕೂಕಟ್‌ಪಲ್ಲಿ. ಇಂದು ಅದೇ ಕೂಕಟ್‌ಪಲ್ಲಿಯಲ್ಲಿ ಮೆಟ್ರೊ ಓಡುತ್ತದೆ, ಸುತ್ತಲೂ ಅಪಾರ್ಟ್‌ಮೆಂಟುಗಳಿವೆ. ದೂರವಿಡಲು ಆರಿಸಿಕೊಂಡ ಜಾಗದ ಬಳಿಗೆ ನಗರವೇ ನಡೆದು ಬಂದಿದೆ.

ಇಂಥ ಕೇಂದ್ರಗಳಲ್ಲಿ, 1989ರಿಂದ ಹೈದರಾಬಾದಿನಲ್ಲಿ ಬೇರೂರಿದ ಲೆಪ್ರಾ ಸಂಸ್ಥೆಯಂಥ ಕಡೆಗಳಲ್ಲಿ ಕಲಿಸುವ ಚರ್ಮದ ಆರೈಕೆ ಬಹಳ ಸಾದಾ. ದಿನಕ್ಕೊಮ್ಮೆ ಕೈಕಾಲುಗಳನ್ನು ಒಂದು ಬೋಗುಣಿ ತಣ್ಣೀರಿನಲ್ಲಿ 20 ನಿಮಿಷ ನೆನೆಸುವುದು. ಬಿಸಿನೀರು ಬೇಡ, ಏಕೆಂದರೆ ಎಷ್ಟು ಬಿಸಿಯೆಂದು ಆ ಕಾಲಿಗೆ ತಿಳಿಯದು. ನೆನೆದ ಜಡ್ಡನ್ನು ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಿ ತೆಗೆಯುವುದು. ಒದ್ದೆ ಆರುವ ಮೊದಲೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರುವುದು, ಒಳಗೆ ಹೋದ ನೀರು ಹೊರಬರದಂತೆ. ಆಮೇಲೆ ಕಣ್ಣಿನ ಕೆಲಸ: ಬೆರಳ ಸಂದು, ಹಿಮ್ಮಡಿ, ಅಂಗಾಲು ನೋಡಿ ಎಲ್ಲಿ ಕೆಂಪಾಗಿದೆ, ಎಲ್ಲಿ ಗುಳ್ಳೆ ಎದ್ದಿದೆ ಎಂದು ಹುಡುಕುವುದು. ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿಯುವುದು. ನಡೆಯಲು ಎಂಸಿಆರ್ ಚಪ್ಪಲಿ, ಅಂದರೆ ಒಳಗೆ ಮೆದು ಸ್ಪಂಜು ರಬ್ಬರಿನ ಅಟ್ಟೆ ಇರುವ ಚಪ್ಪಲಿ.

ಈ ಪಟ್ಟಿಯಲ್ಲಿ ರೋಗಾಣುವನ್ನು ಕೊಲ್ಲುವ ಒಂದು ವಸ್ತುವೂ ಇಲ್ಲ. ಚರ್ಮದ ಬ್ಯಾಕ್ಟೀರಿಯಾಗಳನ್ನು ತೊಳೆದು ಮುಗಿಸುವ ಹಟ ಇಲ್ಲಿಲ್ಲ. ಅವು ತಮ್ಮ ಜಾಗದಲ್ಲೇ ಉಳಿಯುವಂತೆ ಗೋಡೆಯನ್ನು ಸರಿಪಡಿಸುವುದಷ್ಟೇ ಗುರಿ. ಸತ್ತ ನರದ ಕೆಲಸವನ್ನು ಕಣ್ಣು ಮಾಡುತ್ತದೆ, ನಿಂತ ಬೆವರಿನ ಕೆಲಸವನ್ನು ನೀರು ಮತ್ತು ಎಣ್ಣೆ ಮಾಡುತ್ತವೆ.

ನಿರುಪದ್ರವಿ ಮದ್ದಾದದ್ದು

ಹೈದರಾಬಾದಿನ ಪ್ರಯೋಗಾಲಯಗಳಲ್ಲಿ ಈ ಕಥೆಗೆ ಇನ್ನೊಂದು ತಿರುವು ಸಿಕ್ಕಿತು. ದೆಹಲಿಯಲ್ಲಿ ಜಿ.ಪಿ. ತಲ್ವಾರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಒಂದು ಪ್ರಶ್ನೆ ಹಿಡಿದು ಹೊರಟಿದ್ದರು. ಕುಷ್ಠದ ರೋಗಾಣುವನ್ನು ಬೆಳೆಸಲು ಆಗದಿದ್ದರೆ ಲಸಿಕೆ ಮಾಡುವುದು ಹೇಗೆ? ಅದರ ಬಂಧುಗಳಲ್ಲಿ ತಟ್ಟೆಯಲ್ಲಿ ಬೆಳೆಯುವ, ರೋಗ ತಾರದ ಒಂದನ್ನು ಹುಡುಕಿ, ಕೊಂದು, ಮೈಗೆ ಚುಚ್ಚಿದರೆ ರಕ್ಷಣಾ ವ್ಯವಸ್ಥೆ ಕುಷ್ಠವನ್ನೂ ಗುರುತಿಸಲು ಕಲಿತೀತೇ? ಹಲವನ್ನು ಜರಡಿ ಹಿಡಿದು ಆರಿಸಿದ ಜೀವಿಗೆ ಎಂಡಬ್ಲ್ಯು ಎಂಬ ಸಂಕೇತ ಕೊಟ್ಟರು.

ಅದು ಯಾವ ಜೀವಿ ಎಂಬುದು ಬಹುಕಾಲ ಖಚಿತವಾಗಿರಲಿಲ್ಲ. ಹೈದರಾಬಾದಿನ ಸಿಡಿಎಫ್‌ಡಿ ಸಂಸ್ಥೆಯ ನಿಯಾಜ್ ಅಹ್ಮದ್, ಸೈಯದ್ ಹಸ್ನೈನ್ ಮತ್ತು ದೆಹಲಿಯ ಸಂಗಡಿಗರು ಅದರ ಜೀನುಗಳನ್ನು ಹೋಲಿಸಿ 2007ರಲ್ಲಿ ಮೊದಲ ವಂಶಾವಳಿ ಬರೆದರು. 2009ರಲ್ಲಿ ಅದಕ್ಕೆ ಮೈಕೋಬ್ಯಾಕ್ಟೀರಿಯಂ ಇಂಡಿಕಸ್ ಪ್ರಾಣಿ ಎಂಬ ಹೆಸರು ಗಟ್ಟಿಯಾಯಿತು. ಹೋಲಿಕೆ ಕುತೂಹಲದ್ದು. ಈ ನಿರುಪದ್ರವಿಯ ಜೀನೋಮು ಸುಮಾರು 56 ಲಕ್ಷ ಅಕ್ಷರಗಳಷ್ಟು ಉದ್ದ. 2001ರಲ್ಲಿ ಪೂರ್ತಿ ಓದಲಾದ ಕುಷ್ಠದ ರೋಗಾಣುವಿನದು ಸುಮಾರು 33 ಲಕ್ಷ, ಅದರಲ್ಲೂ ಸಾವಿರಕ್ಕೂ ಹೆಚ್ಚು ಜೀನುಗಳು ಕೆಟ್ಟು ನಿಂತಿವೆ. ಸಾವಿರಾರು ವರ್ಷ ಮನುಷ್ಯನ ಕೋಶದೊಳಗೆ ಕೂತು ಉಂಡು ಸ್ವಂತ ಬದುಕಿನ ಸಾಮಾನುಗಳನ್ನೇ ಕಳೆದುಕೊಂಡ ಜೀವಿ ಅದು. ಇನ್ನೊಂದು ಸಂಗತಿ: ನಿರುಪದ್ರವಿಯ ಹತ್ತಿರದ ಬಂಧುಗಳಲ್ಲಿ ಏಡ್ಸ್ ರೋಗಿಗಳಿಗೆ ಕೇಡು ತರುವ ಜೀವಿಗಳೂ ಇವೆ. ಒಂದೇ ಮನೆತನದಲ್ಲಿ ಎರಡೂ ಬಗೆ.

ಲಸಿಕೆ ಪವಾಡವೇನೂ ಮಾಡಲಿಲ್ಲ. ಕಾನ್ಪುರ ದೇಹಾತ್ ಜಿಲ್ಲೆಯಲ್ಲಿ ರೋಗಿಗಳ ಮನೆಯವರಿಗೆ ಕೊಟ್ಟಾಗ ಮೊದಲ ವರ್ಷಗಳಲ್ಲಿ ಒಳ್ಳೆಯ ರಕ್ಷಣೆ ಕಂಡಿತು, ವರ್ಷಗಳು ಕಳೆದಂತೆ ಅದು ಇಳಿಯಿತು. ಚೆಂಗಲ್ಪಟ್ಟು ಸೀಮೆಯಲ್ಲಿ 1990ರ ದಶಕದಲ್ಲಿ ಹಲವು ಲಸಿಕೆಗಳನ್ನು ಹೋಲಿಸಿದ ದೊಡ್ಡ ಪರೀಕ್ಷೆಯಲ್ಲಿ ಇದರ ರಕ್ಷಣೆ ಶೇ. 26ರ ಆಸುಪಾಸಿನಲ್ಲಿತ್ತು. ಆದರೆ ಬಹುಔಷಧ ಚಿಕಿತ್ಸೆಯ ಜೊತೆಗೆ ಕೊಟ್ಟಾಗ ಹೆಚ್ಚು ರೋಗಾಣು ಇರುವ ರೋಗಿಗಳಲ್ಲಿ ಅವು ಬೇಗ ಕರಗಿದ್ದು ಕಂಡಿತು. ಚರ್ಮವೈದ್ಯರು ಅದನ್ನು ಈಗ ಹಟಮಾರಿ ನರೂಲಿಗಳಿಗೂ ಚುಚ್ಚುತ್ತಾರೆ. ಅಲ್ಲೂ ಎಚ್ಚರ ಬೇಕು, ಸತ್ತ ನಿರುಪದ್ರವಿಯೇ ಆದರೂ ಚುಚ್ಚಿದ ಜಾಗದಲ್ಲಿ ಗಂಟು, ಹುಣ್ಣು ಆದದ್ದುಂಟು.

ಇನ್ನೂ ಮುಗಿಯದ ಲೆಕ್ಕ

1898ರ ಕಾಯಿದೆಯನ್ನು ಸಂಸತ್ತು ರದ್ದುಮಾಡಿದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಎಣಿಸುತ್ತಿದ್ದ ವೈಯಕ್ತಿಕ ಕಾನೂನುಗಳ ಮಾತು 2019ರಲ್ಲಿ ಹೋಯಿತು. ಅಂದರೆ 6 ತಿಂಗಳಲ್ಲಿ ವಾಸಿಯಾಗಬಲ್ಲ ಕಾಯಿಲೆಯೊಂದು, ಮದ್ದು ಬಂದು ಮೂರೂವರೆ ದಶಕ ಕಳೆದ ಮೇಲೂ, ಕಾನೂನಿನ ಪುಸ್ತಕದಲ್ಲಿ ಮದುವೆ ಮುರಿಯಲು ಸಾಕಾಗಿತ್ತು.

ಜಗತ್ತಿನಲ್ಲಿ ವರ್ಷಕ್ಕೆ ಪತ್ತೆಯಾಗುವ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು, ಅಂದರೆ ಒಂದು ಲಕ್ಷದಷ್ಟು ಜನ ಇಂದೂ ಭಾರತದವರು. ರೋಗಿಯ ಮನೆಯವರಿಗೆ, ನೆರೆಯವರಿಗೆ ಒಂದೇ ಬಾರಿ ರಿಫಾಂಪಿಸಿನ್ ಕೊಟ್ಟು ಮುಂದಿನ ಸೋಂಕು ತಡೆಯುವ ಕೆಲಸ ನಡೆದಿದೆ. ಆದರೆ ಹೆಚ್ಚಿನ ಅಪಾಯ ತಡವಾಗುವುದರಲ್ಲಿದೆ. ಕೆನ್ನೆಯ ಮೇಲೊಂದು ಮಾಸಲು ಮಚ್ಚೆ ಎದ್ದರೆ ಮೊದಲು ಕೈ ಹೋಗುವುದು ಹೊಳಪಿನ ಕ್ರೀಮಿಗೆ, ಆಮೇಲೆ ಔಷಧದಂಗಡಿಯವರು ಚೀಟಿ ಇಲ್ಲದೆ ಕೊಡುವ ಸ್ಟೆರಾಯ್ಡ್ ಬೆರೆತ ಮುಲಾಮಿಗೆ. 2018ರಲ್ಲಿ ಸರ್ಕಾರ ಅಂಥ 14 ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯ ಮೇಲಷ್ಟೇ ಮಾರಬೇಕೆಂದಿತು. ಮುಲಾಮು ಹಚ್ಚುತ್ತ ಕಳೆದ ತಿಂಗಳುಗಳಲ್ಲಿ ರೋಗಾಣು ತನ್ನ ನಿಧಾನದಲ್ಲಿ ನರ ತಲುಪಿರುತ್ತದೆ.

ಇನ್ನೊಂದು ಅಂಚಿನಲ್ಲಿ, ಮೈಮೇಲಿನ ಎಲ್ಲ ಜೀವಿಯನ್ನೂ ಶತ್ರುವೆಂದು ತೋರಿಸುವ ಸೋಪಿನ ಜಾಹೀರಾತುಗಳಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ರಾಸಾಯನಿಕಗಳನ್ನು ಮನೆಬಳಕೆಯ ಸೋಪುಗಳಿಂದ ತೆಗೆಸಿತು. ಅವು ಸಾದಾ ಸೋಪಿಗಿಂತ ಹೆಚ್ಚು ಕೆಲಸ ಮಾಡುತ್ತವೆ ಎಂದು ತಯಾರಕರು ತೋರಿಸಲಾಗಲಿಲ್ಲ. ಒಣಗಿ ಬಿರಿದ ಚರ್ಮಕ್ಕೆ ಯಾವ ಸೋಪಿಗಿಂತಲೂ ಮೊದಲು ಬೇಕಾದದ್ದು ಕೂಕಟ್‌ಪಲ್ಲಿಯಂಥ ಕಡೆ ಕಲಿಸುವ ನೀರು, ಎಣ್ಣೆ ಮತ್ತು ಕಣ್ಣು.

ಮಚ್ಚೆಯ ಪರೀಕ್ಷೆಗೆ ಬೇಕಾದದ್ದು ಹತ್ತಿಯ ಒಂದು ಎಳೆ. ತಾಗಿದ್ದು ತಿಳಿಯದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಮಾತ್ರೆಗಳು ಅಲ್ಲಿ ಉಚಿತ. ನರ ಸಾಯುವ ಮೊದಲು ಹೋದವರಿಗೆ ಹುಣ್ಣೂ ಆಗುವುದಿಲ್ಲ, ಬೋಗುಣಿಯೂ ಬೇಕಾಗುವುದಿಲ್ಲ.